ಕೆಸರಿನ ರಾಕ್ಷಸರೂ ನಮ್ಮ ಜೋಕುಮಾರನೂ

ಪಟ್ಟಣದ ಮಕ್ಕಳ ಕೈಯಲ್ಲಿ ಕೆಲವು ವರ್ಷಗಳಿಂದ ಒಂದು ವಿಚಿತ್ರವಾದ ಆಟದ ಪದಾರ್ಥವು ಓಡಾಡುತ್ತಿರುವುದನ್ನು ಗೃಹಸ್ಥರಾದ ವಾಚಕರು ಕಂಡೇ ಇರುವರು. ಸ್ಲೈಮ್ ಎಂದು ಅದರ ಹೆಸರು. ನೀರಿನಂತೆ ಹರಿಯದು, ಮೇಣದಂತೆ ನಿಲ್ಲದು; ಹಿಡಿದರೆ ಬೆರಳ ಸಂದಿನಿಂದ ಜಾರುವುದು, ಜಾಡಿಸಿದರೆ ಅಂಟಿಕೊಳ್ಳುವುದು. ಸತ್ಯನಾರಾಯಣಪೇಟೆಯ ನಮ್ಮ ಬೀದಿಯಲ್ಲಿ ಈ ಲೋಳೆಯ ಡಬ್ಬಿಯಿಲ್ಲದ ಮಗುವೇ ಇಲ್ಲವೆನ್ನಬಹುದು. ಇದೇ ಲೋಳೆಯು ಪರದೆಯ ಮೇಲೆ ಕಣ್ಣು ಬಾಯಿಗಳನ್ನು ಧರಿಸಿ ರಾಕ್ಷಸನಾಗಿಯೂ ಬರುವುದು. 1958ರಲ್ಲಿ ಅಮೆರಿಕದಲ್ಲಿ ತೆಗೆದ ‘ದಿ ಬ್ಲಾಬ್’ ಎಂಬ ಚಲಚ್ಚಿತ್ರವು ಈ ಜಾತಿಯ ರಾಕ್ಷಸರಿಗೆ ಹಿರಿಯಣ್ಣನಂತೆ ಪ್ರಸಿದ್ಧವಾಗಿದೆ. ಆಕಾಶದಿಂದ ಬಿದ್ದ ಕಲ್ಲಿನೊಳಗಿಂದ ಲೋಳೆಯ ಮುದ್ದೆಯೊಂದು ಹೊರಟು, ಮುಟ್ಟಿದವರನ್ನೆಲ್ಲ ನುಂಗುತ್ತ, ನುಂಗಿದಷ್ಟೂ ಬೆಳೆಯುತ್ತ ಊರನ್ನೇ ಆವರಿಸುವುದು. ಗುಂಡು ತಗಲದು, ಬೆಂಕಿ ಸುಡದು. ಕಡೆಗೆ ತಣ್ಣಗಿನ ಅನಿಲವನ್ನು ಎರಚಿ ಅದನ್ನು ಹೆಪ್ಪುಗಟ್ಟಿಸಿ, ವಿಮಾನದಲ್ಲಿ ಹೊತ್ತು, ಉತ್ತರ ಧ್ರುವದ ಹಿಮದಲ್ಲಿ ಎಸೆದು ಬರುವರು. ಅದು ಸಾಯಿತೆಂದು ಚಿತ್ರದವರೂ ಹೇಳಲಿಲ್ಲ.

ಇದೆಲ್ಲ ಪರದೇಶದ ಹುಚ್ಚು, ನಮ್ಮಲ್ಲಿ ಇಂಥವು ಇಲ್ಲವೆಂದು ಹೇಳುವ ಹಿರಿಯರುಂಟು. ನಮಗೆ ಹಾಗೆ ತೋರುವುದಿಲ್ಲ. ಮಾರ್ಕಂಡೇಯ ಪುರಾಣದ ಅಂತರ್ಗತವಾದ ದೇವೀಮಾಹಾತ್ಮ್ಯವನ್ನು ನವರಾತ್ರಿಯಲ್ಲಿ ಪಾರಾಯಣ ಮಾಡುವ ಮನೆಗಳಲ್ಲಿ ಈ ಮಾತು ಬಹಳ ಕಾಲ ನಿಲ್ಲಲಾರದು. ಅದರ ಮೊದಲನೆಯ ಅಧ್ಯಾಯದ ಮಧುಕೈಟಭರು ಯೋಗನಿದ್ರೆಯಲ್ಲಿದ್ದ ವಿಷ್ಣುವಿನ ಕಿವಿಯ ಕೊಳೆಯಿಂದ ಹುಟ್ಟಿದವರು. ಎಂಟನೆಯ ಅಧ್ಯಾಯದ ರಕ್ತಬೀಜನಂತೂ ಬ್ಲಾಬಿಗೆ ಪಾಠ ಹೇಳಬಲ್ಲವನು. ಅವನ ರಕ್ತದ ಒಂದೊಂದು ಹನಿಯೂ ನೆಲಕ್ಕೆ ಬಿದ್ದೊಡನೆ ಅವನಷ್ಟೇ ಬಲವುಳ್ಳ ಇನ್ನೊಬ್ಬ ಅಸುರನಾಗಿ ಏಳುತ್ತಿದ್ದನು. ಕಡಿದಷ್ಟೂ ಹೆಚ್ಚುವ ಶತ್ರುವಿಗೆ ಖಡ್ಗವು ಉಪಾಯವಲ್ಲವೆಂದು ಕಂಡು, ಹನಿಯು ನೆಲವನ್ನು ಮುಟ್ಟದಂತೆ ಚಾಮುಂಡೆಯು ಬಾಯಿ ತೆರೆದು ಕುಡಿದಳು. ಇನ್ನು ಮಹಾಭಾರತದ ಆದಿಪರ್ವದಲ್ಲಿ ಗಾಂಧಾರಿಯು ಎರಡು ವರ್ಷ ಗರ್ಭವನ್ನು ಹೊತ್ತು ಹೆತ್ತದ್ದು ಮಗುವನ್ನಲ್ಲ, ಕಬ್ಬಿಣದ ಗುಂಡಿನಂಥ ಮಾಂಸದ ಮುದ್ದೆಯನ್ನು. ವ್ಯಾಸರು ಅದರ ಮೇಲೆ ತಣ್ಣೀರು ಎರೆಸಿದರು. ಮುದ್ದೆಯು ಹೆಬ್ಬೆರಳ ಗಿಣ್ಣಿನಷ್ಟು ದೊಡ್ಡವಾದ 101 ತುಂಡುಗಳಾಯಿತು. ತುಪ್ಪದ ಕೊಡಗಳಲ್ಲಿ ಅವು ಬೆಳೆದವು. ಅಮೆರಿಕದವರು ಮುದ್ದೆಗೆ ಶೈತ್ಯೋಪಚಾರ ಮಾಡಿ ನಿಲ್ಲಿಸಿದರು, ನಮ್ಮವರು ಅದೇ ಉಪಚಾರದಿಂದ ನೂರು ಮಂದಿ ಕೌರವರನ್ನು ಪಡೆದರು. ಯಾವುದು ಲಾಭವೆಂಬುದನ್ನು ವಾಚಕರೇ ನಿರ್ಣಯಿಸಲಿ.

ಆದರೆ ನಮ್ಮ ಸೀಮೆಗೆ ಎಲ್ಲರಿಗಿಂತ ಹತ್ತಿರದ ನೆಂಟನು ರಾಮಾಯಣದ ಕಬಂಧನು. ಇಂದ್ರನ ವಜ್ರದ ಏಟಿಗೆ ತಲೆಯೂ ತೊಡೆಗಳೂ ಶರೀರದೊಳಕ್ಕೇ ಕುಸಿದು ಹೋದವು. ಬಾಯಿಲ್ಲದೆ ಹೇಗೆ ಬದುಕಲೆಂದು ಮೊರೆಯಿಟ್ಟಾಗ ಇಂದ್ರನೇ ಹೊಟ್ಟೆಯಲ್ಲಿ ಬಾಯನ್ನೂ, ಯೋಜನದುದ್ದದ ತೋಳುಗಳನ್ನೂ ಕೊಟ್ಟನು. ಕುಳಿತಲ್ಲಿಂದಲೇ ತೋಳು ಚಾಚಿ ಸಿಕ್ಕಿದ್ದನ್ನೆಲ್ಲ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದ ಈ ಮಾಂಸದ ಗುಡ್ಡೆಗೂ ಈಗಿನ ಲೋಳೆರಾಕ್ಷಸರಿಗೂ ಬಹಳ ಭೇದವಿಲ್ಲ. ಅಮರಕೋಶವನ್ನು ಬಾಯಿಪಾಠ ಮಾಡಿದವರಿಗೆ ಇನ್ನೊಂದು ಸೋಜಿಗವು ನೆನಪಿಗೆ ಬರುವುದು. ಕಬಂಧವೆಂಬ ಶಬ್ದವು ಅಲ್ಲಿ ಎರಡೆಡೆ ಬಂದಿದೆ. ಒಂದೆಡೆ ತಲೆ ಹೋದರೂ ಚಲಿಸುವ ಮುಂಡಕ್ಕೆ. ಇನ್ನೊಂದೆಡೆ, ನೀರಿನ ಹೆಸರುಗಳ ಸಾಲಿನಲ್ಲಿ. ಆಕಾರವಿಲ್ಲದ ನೀರಿಗೂ ಆಕಾರವನ್ನು ಕಳೆದುಕೊಂಡ ದೇಹಕ್ಕೂ ಒಂದೇ ಹೆಸರು ಸಂದಿರುವುದು ಆಕಸ್ಮಿಕವೇ ಆಗಿದ್ದರೂ ಸೊಗಸಾದ ಆಕಸ್ಮಿಕ. ಈ ಕಬಂಧನನ್ನು ರಾಮಲಕ್ಷ್ಮಣರು ಗುಂಡಿಯಲ್ಲಿಟ್ಟು ಸುಟ್ಟ ಮೇಲೆ ಅವನು ದಿವ್ಯರೂಪದಿಂದೆದ್ದು, ಪಂಪಾತೀರದ ಋಷ್ಯಮೂಕದಲ್ಲಿ ಸುಗ್ರೀವನಿರುವನೆಂದು ದಾರಿ ತೋರಿದನು. ಆ ಋಷ್ಯಮೂಕವು ಹಂಪೆಯದೆಂದು ನಮ್ಮ ಸೀಮೆಯ ನಂಬಿಕೆ. ಬಳ್ಳಾರಿಯಿಂದ ಅಲ್ಲಿಗೆ ಸುಮಾರು 60 ಕಿಲೋಮೀಟರು.

ಸುಟ್ಟ ರಾಕ್ಷಸನ ಮಾತು ಬಂದಿತು. ಹಂಪೆಯ ದಾರಿಯಲ್ಲಿಯೇ ಅವನ ಬೂದಿಯನ್ನೂ ನೋಡಬಹುದು. ಹೊಸಪೇಟೆಯ ರಸ್ತೆಯಲ್ಲಿ ಕುಡತಿನಿಯ ಬಳಿ ಒಂದು ಬೂದಿಗುಡ್ಡವಿದೆ. ಅದು ಭೀಮಸೇನನು ಕೊಂದ ಹಿಡಿಂಬಾಸುರನನ್ನು ಸುಟ್ಟ ಬೂದಿಯೆಂದು ಜನರು ಹೇಳುತ್ತಿದ್ದುದನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ನ್ಯೂಬೋಲ್ಡ್ ಎಂಬ ಆಂಗ್ಲ ಸೈನ್ಯಾಧಿಕಾರಿಯು ಬರೆದಿಟ್ಟನು. ಹಂಪೆಯ ನಿಂಬಾಪುರದ ಬೂದಿದಿಬ್ಬವಾದರೋ ವಾಲಿಯನ್ನು ದಹಿಸಿದ ಸ್ಥಳವೆನ್ನಿಸಿದೆ. ಇವುಗಳಲ್ಲಿ ಅಲ್ಲಲ್ಲಿ ಗಾಜಿನಂತೆ ಕರಗಿ ಗಟ್ಟಿಯಾದ ಕಿಟ್ಟವೂ ಇರುವುದರಿಂದ ಅಗ್ನಿಪರ್ವತದ ಕಲ್ಲಿರಬೇಕೆಂದು ಕೆಲವರು ಪಂಡಿತರು ಸಂಶಯಪಟ್ಟರು. ಆಲ್ಚಿನ್ ಎಂಬ ವಿದ್ವಾಂಸರು ಉತ್ನೂರಿನ ಇಂಥದೇ ದಿಬ್ಬವನ್ನು ಅಗೆದು, 1963ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅದರ ಗುಟ್ಟನ್ನು ಬಿಡಿಸಿಟ್ಟರು. ಅದು ನವಶಿಲಾಯುಗದ ದನಗಾಹಿಗಳ ದೊಡ್ಡಿ. ದೊಡ್ಡಿಯಲ್ಲಿ ರಾಶಿಬಿದ್ದ ಸಗಣಿಯನ್ನು ಅವರು ಮತ್ತೆ ಮತ್ತೆ ಸುಟ್ಟದ್ದರಿಂದ ಬೂದಿಯ ಗುಡ್ಡವಾಯಿತು. ಸುಮಾರು 4000 ವರ್ಷಗಳ ಹಿಂದಿನ ಸಗಣಿಯ ರಾಶಿಯೇ ಕಾಲಾಂತರದಲ್ಲಿ ಹಿಡಿಂಬನ ದೇಹವಾಯಿತು. ಗೋಮಯವನ್ನು ಅಂಗಳಕ್ಕೆ ಸಾರಿಸುವ ಗೃಹಿಣಿಯರು ಇದನ್ನು ಕೇಳಿ ನಕ್ಕಾರು. ನಮಗಾದರೋ ಹಿಡಿಂಬನ ಮೇಲೆ ಗೌರವವು ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ.

ಇಷ್ಟಾದರೂ ನಾವು ಹೇಳಹೊರಟ ಮಾತು ಬೇರೆ. ಯುರೋಪಿನ ಲೋಳೆ ಕೆಸರುಗಳ ಕಥೆಗಳನ್ನು ಓದಿದರೆ ಅವುಗಳ ಹಿಂದೆ ತೇವದ ಭಯವು ಕಾಣುವುದು. ಅಲ್ಲಿ ಜೌಗು ನೆಲವು ದಾರಿಹೋಕರನ್ನು ನುಂಗುವುದು. ಮಂಜು ಮುಸುಕಿದ ಕೆಸರಿನಲ್ಲಿ ದೆವ್ವದ ದೀಪಗಳು ಕರೆಯುವುವು. ಪ್ರಾಗ್ ನಗರದ ಯಹೂದಿಗಳ ಗೋಲೆಮ್ ಎಂಬ ಜೇಡಿಯ ಮನುಷ್ಯನ ಕಥೆಯು ಇನ್ನೊಂದು ಬಗೆ. 1609ರಲ್ಲಿ ತೀರಿಕೊಂಡ ಲೋವ್ ಎಂಬ ಧರ್ಮಗುರುವು ಜೇಡಿಯಿಂದ ಆಳೊಬ್ಬನನ್ನು ಮಾಡಿ, ಮಂತ್ರದಿಂದ ಜೀವ ತುಂಬಿದನೆಂದು ಐತಿಹ್ಯ. ಜರ್ಮನಿಯ ಗ್ರಿಮ್ ಪಂಡಿತನು 1808ರಲ್ಲಿ ಬರೆದಿಟ್ಟ ಪಾಠದಲ್ಲಿ ಗೋಲೆಮನು ದಿನದಿನಕ್ಕೆ ಬೆಳೆಯುತ್ತಾನೆ. ಅವನ ಹಣೆಯಲ್ಲಿ ಸತ್ಯವೆಂಬ ಅರ್ಥದ ಶಬ್ದವಿದೆ. ಮೊದಲಕ್ಷರವನ್ನು ಅಳಿಸಿದರೆ ಸತ್ತನೆಂಬ ಅರ್ಥವಾಗಿ ಮಣ್ಣಿಗೆ ಮರಳುವನು. ಒಬ್ಬನು ಅಳಿಸಲು ತಡಮಾಡಿದನು. ಕೈ ಹಣೆಗೆ ಎಟುಕದಷ್ಟು ಗೋಲೆಮನು ಬೆಳೆದಿದ್ದನು. ಉಪಾಯದಿಂದ ಬಗ್ಗಿಸಿ ಅಳಿಸಿದಾಗ ಆ ಮಣ್ಣಿನ ರಾಶಿಯೆಲ್ಲ ಕುಸಿದು ಮಾಡಿದವನನ್ನೇ ಹೂಳಿತು. ಮಣ್ಣಿಗೆ ಜೀವ ಕೊಡುವಾಗ ಅದಕ್ಕೆ ಅವಧಿಯನ್ನು ಗೊತ್ತುಮಾಡಲಿಲ್ಲ. ಇದೇ ಆ ಕಥೆಯ ದುಃಖ.

ಬಳ್ಳಾರಿಯ ಸೀಮೆಯಲ್ಲಿ ಕೆಸರಿಗೆ ಯಾರು ಹೆದರುವರು? ನಮ್ಮ ಎರೆಭೂಮಿಯು ಬೇಸಗೆಯಲ್ಲಿ ಕೈ ತೂರುವಷ್ಟು ಅಗಲಕ್ಕೆ ಬಾಯಿ ಬಿಡುವುದು. ಮಳೆ ಬಿದ್ದರೆ ಅದೇ ನೆಲವು ಉಬ್ಬಿ ಬಿರುಕುಗಳೆಲ್ಲ ಮುಚ್ಚಿಕೊಂಡು ಅಂಟಿನಂತಾಗುವುದು. ನೀರು ಕುಡಿದು ಹಿಗ್ಗುವ ಜಾತಿಯ ಜೇಡಿಯು ಅದರಲ್ಲಿ ಬಹಳವಿರುವುದೇ ಕಾರಣ. ಮಳೆಯ ಮರುದಿನ ಎರೆಯ ಹೊಲವನ್ನು ದಾಟಿದವನ ಒಂದೊಂದು ಕಾಲಿಗೂ ಎರಡೆರಡು ಸೇರು ಮಣ್ಣು ಮೆತ್ತಿ ಚಪ್ಪಲಿಯು ಹೊಲದಲ್ಲಿಯೇ ಉಳಿಯುವುದು. ಮಧುಕೈಟಭರ ಮೇದಸ್ಸಿನಿಂದ ಆದುದರಿಂದ ಭೂಮಿಗೆ ಮೇದಿನಿಯೆಂದು ಹೆಸರಾಯಿತೆಂಬ ವ್ಯುತ್ಪತ್ತಿಯನ್ನು ತರಗತಿಯಲ್ಲಿ ಹೇಳಿದಾಗ ಬೇರೆ ಊರಿನ ಹುಡುಗರು ನಗಬಹುದು. ಎರೆಯ ಸೀಮೆಯ ಹುಡುಗರು ನಗಲಾರರು. ಈ ನೆಲದ ಸ್ವಭಾವವು ಎಷ್ಟು ಬಿಗಿಯೆಂದರೆ ಅದನ್ನು ಅಭ್ಯಸಿಸುವುದಕ್ಕೆ ಬಳ್ಳಾರಿಯಲ್ಲಿ 1954ರಲ್ಲಿ ಮಣ್ಣು ಮತ್ತು ನೀರಿನ ಸಂರಕ್ಷಣೆಯ ಸಂಶೋಧನಾ ಕೇಂದ್ರವೇ ಏರ್ಪಟ್ಟಿತು. ಭಾದ್ರಪದದ ಮಳೆಯಿಂದ ಎರೆಯು ಚೆನ್ನಾಗಿ ನೆನೆದು ಕೆಸರಾದರೆ ಹಿಂಗಾರಿಯ ಜೋಳವು ಆ ತೇವವನ್ನೇ ಕುಡಿದು ಸಂಕ್ರಾಂತಿಯಾಚೆಗೂ ನಿಲ್ಲುವುದು. ಕೆಸರಾಗದಿದ್ದರೆ ಏನಾಗುವುದೆಂಬುದನ್ನು 1876ರಿಂದ 1878ರ ವರೆಗಿನ ಬರಗಾಲವು ತೋರಿಸಿತು. ಆಗಿನ ಮದರಾಸು ಆಧಿಪತ್ಯದಲ್ಲಿ ಅತಿಯಾಗಿ ಬೆಂದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ನಮ್ಮ ಸೀಮೆಯ ರಾಕ್ಷಸನು ಧೂಳು. ಕೆಸರಾದರೋ ಹರಕೆ ಹೊತ್ತು ಕರೆಯಬೇಕಾದ ಅತಿಥಿ.

ಇದು ತಿಳಿದರೆ ಉತ್ತರ ಕರ್ನಾಟಕದವರು ಮುಂಗಾರಿನಿಂದ ಹಿಂಗಾರಿಯ ವರೆಗೆ ಮೇಲಿಂದ ಮೇಲೆ ಮಣ್ಣನ್ನೇ ಪೂಜಿಸುವುದು ಏಕೆಂದು ಅರ್ಥವಾಗುವುದು. ಜ್ಯೇಷ್ಠದ ಅಮಾವಾಸ್ಯೆಗೆ ಮಣ್ಣೆತ್ತು, ಆಷಾಢದಲ್ಲಿ ಗುಳ್ಳವ್ವ, ಶ್ರಾವಣದಲ್ಲಿ ಮಣ್ಣಿನ ನಾಗಪ್ಪ, ಭಾದ್ರಪದದ ಚೌತಿಗೆ ಗಣಪ. ಶಿವಪುರಾಣದ ಪ್ರಕಾರ ಗಣಪನೂ ಪಾರ್ವತಿಯ ಮೈಯ ಕೊಳೆಯಿಂದಲೇ ಆದವನಾದುದರಿಂದ ಮಣ್ಣಿನಲ್ಲಿ ಬರಲು ಅವನಿಗೆ ಸಂಕೋಚವಿಲ್ಲ. ಅವನು ನೀರಿಗೆ ಹೋದ ಮೇಲೆ, ಅಷ್ಟಮಿಯಿಂದ ಹುಣ್ಣಿಮೆಯ ವರೆಗೆ ರಾಜ್ಯವಾಳುವವನು ಜೋಕುಮಾರಸ್ವಾಮಿ.

ಕುಂಬಾರನು ಹಸಿಮಣ್ಣಿನಿಂದ ಅವನನ್ನು ಮಾಡಿಕೊಡುವನು. ಅಗಲವಾದ ಮುಖ, ಬಿಟ್ಟ ಕಣ್ಣು, ತೆರೆದ ಬಾಯಿ, ಹುರಿಮೀಸೆ. ಉಳಿದ ಅಂಗಗಳ ವಿಷಯದಲ್ಲಿಯೂ ಕುಂಬಾರನು ಜಿಪುಣತನ ತೋರುವುದಿಲ್ಲವೆಂದಷ್ಟೇ ಹೇಳಿ ಮುಂದುವರಿಯುವೆವು. ಅಂಬಿಗರ, ಬಾರಿಕರ, ತಳವಾರರ ಮನೆತನಗಳ ಹೆಂಗಸರು ಅವನನ್ನು ಬೇವಿನೆಲೆ ತುಂಬಿದ ಬುಟ್ಟಿಯಲ್ಲಿ ಕೂಡಿಸಿ, ತಲೆಯ ಮೇಲೆ ಹೊತ್ತು, ಮನೆಮನೆಗೆ ಬಂದು ಹಾಡುವರು. ಮನೆಯವರು ಅವನ ತುಟಿಗೆ ಬೆಣ್ಣೆ ಸವರಿ, ಮೊರದಲ್ಲಿ ಜೋಳ, ಉಪ್ಪು, ಮೆಣಸಿನಕಾಯಿಗಳನ್ನು ಕೊಡುವರು. ಪ್ರತಿಯಾಗಿ ಹೆಂಗಸರು ಬೇವಿನೆಲೆಯಲ್ಲಿ ನುಚ್ಚಿನ ಪ್ರಸಾದವನ್ನು ಕೊಡುವರು. ಒಕ್ಕಲಿಗನು ಅದನ್ನು ಅಂಬಲಿಯಲ್ಲಿ ಕಲಸಿ ಹೊಲಕ್ಕೆ ಚರಗ ಚೆಲ್ಲುವನು, ಬೆಳೆಗೆ ಹುಳ ಬೀಳದಿರಲೆಂದು. ಶಿವನ ಮಗನೆಂದೂ ಆದುದರಿಂದ ಗಣಪನ ಸೋದರನೆಂದೂ ಹೇಳುವುದುಂಟು. ವಂಶಾವಳಿಯು ಊರೂರಿಗೆ ಬೇರೆಯಾಗುವುದು. ಎಲ್ಲೆಡೆಯೂ ಒಂದೇ ಆಗಿರುವುದು ಅವನ ನಡತೆ. ಹುಟ್ಟಿದ ಕ್ಷಣದಿಂದ ಅವನಿಗೆ ತಾಳ್ಮೆಯಿಲ್ಲ. ಕಂಡದ್ದೆಲ್ಲ ಬೇಕು, ಕಂಡವರೆಲ್ಲ ಬೇಕು. ಏಳು ದಿನ ಊರನ್ನು ಗೋಳು ಹೊಯ್ದುಕೊಂಡು, ಕಡೆಗೆ ಅಗಸರ ಹೆಣ್ಣನ್ನು ಕೆಣಕಿ ಅವರ ಕೈಯಿಂದ ಸಾಯುವನು.

ನಡತೆಗೆಟ್ಟ ಇವನಿಗೆ ಬೆಣ್ಣೆಯೇಕೆ ಎಂಬ ಪ್ರಶ್ನೆಗೆ ಜನರ ಕಥೆಯಲ್ಲಿಯೇ ಉತ್ತರವುಂಟು. ಗಣಪನು ಭೂಲೋಕಕ್ಕೆ ಬಂದು ಉಳ್ಳವರ ಮನೆಯಲ್ಲಿ ಕುಳಿತು ಕಡುಬು ಉಂಡು, ಕೈಲಾಸಕ್ಕೆ ಹೋಗಿ ಎಲ್ಲರೂ ಸುಖವಾಗಿರುವರೆಂದು ಒಪ್ಪಿಸಿದನು. ಜೋಕುಮಾರನು ಹೊಲಗೇರಿಗಳನ್ನು ತಿರುಗಿದವನು. ಮಳೆಯಿಲ್ಲ, ಬೆಳೆಯಿಲ್ಲ, ಜನರು ಹಸಿದಿರುವರೆಂದು ಅವನು ಹೋಗಿ ಹೇಳಿದ ಮೇಲೆ ಮಳೆ ಬಂದಿತು. ತಂದೆಯ ಮುಂದೆ ನಿಜವನ್ನು ಹೇಳುವ ಕೆಲಸಕ್ಕೆ ಮನೆಯ ಪುಂಡ ಮಗನೇ ಬೇಕಾದನೆಂಬುದನ್ನು ಕುಟುಂಬಸ್ಥರು ಗಮನಿಸಬೇಕು.

ಈಚೆಗಿನ ಒಂದು ಭಾದ್ರಪದದಲ್ಲಿ ಹತ್ತಿರದ ಹಳ್ಳಿಯಿಂದ ಬುಟ್ಟಿಯೊಂದು ನಮ್ಮ ಬೀದಿಗೆ ಬಂದಿತ್ತು. ಎದುರುಮನೆಯ ಯಜಮಾನರು ಬಾಗಿಲಲ್ಲಿ ನಿಂತು, “ಮುಂದಿನ ಮನಿಗೆ ಹೋಗವ್ವ, ನಮಗೆ ಹೊಲ ಇಲ್ಲ” ಎಂದರು. ಬುಟ್ಟಿ ಹೊತ್ತ ಮುದುಕಿಯು ಕೋಪಗೊಳ್ಳಲಿಲ್ಲ. “ಹೊಲ ಇಲ್ದಿದ್ರ ಏನಾತ್ರೀ ಯಜಮಾನ್ರ, ಉಣ್ಣಾದು ಹೊಲದ್ದ ಅಲ್ಲೇನ್ರೀ?” ಎಂದಳು. ಅಷ್ಟರಲ್ಲಿ ನಮ್ಮ ಮನೆಯವರು ಬೆಣ್ಣೆ ತಂದುದರಿಂದ ಬುಟ್ಟಿಯು ನಮ್ಮ ಕಟ್ಟೆಗೆ ಇಳಿಯಿತು. ಕೈತುಂಬ ಸ್ಲೈಮ್ ಮೆತ್ತಿಕೊಂಡು ನಿಂತಿದ್ದ ನೆರೆಮನೆಯ ಹುಡುಗನಿಗೆ, ನೀನೂ ಬೆಣ್ಣೆ ಹಚ್ಚೆಂದರೆ, “ಥೂ, ಕೆಸರು ತಾತಾ!” ಎಂದು ಹಿಂದೆ ಸರಿದನು. ಮುದುಕಿಯು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಬಾಗಿಲು ಮುಚ್ಚುವವರ ಆಕ್ಷೇಪಣೆಗಳನ್ನು ನಾವು ಬಲ್ಲೆವು; ನಮ್ಮಂಥ ಸಂಸ್ಕೃತ ಕಲಿತವರ ಮನೆಗಳಲ್ಲಿಯೇ ಅವು ಹೆಚ್ಚು. ಹಾಡು ಅಶ್ಲೀಲವೆನ್ನುವರು. ಗೌತಮನ ಆಶ್ರಮಕ್ಕೆ ಇಂದ್ರನು ವೇಷ ಮರೆಸಿ ಹೋದ ಕಥೆಯನ್ನು ಪುರಾಣಿಕರು ಹೇಳುವಾಗ ಕೈಮುಗಿದು ಕೇಳುವ ನಾವು, ಸಹಸ್ರಾಕ್ಷನಿಗೆ ತೋರಿದ ದಾಕ್ಷಿಣ್ಯದಲ್ಲಿ ಕಾಲುಭಾಗವನ್ನಾದರೂ ಈ ಮಣ್ಣಿನವನಿಗೆ ತೋರಬಹುದು. ಇಂದ್ರನಿಗೆ ಸ್ವರ್ಗವು ತಪ್ಪಲಿಲ್ಲ. ಇವನಾದರೋ ತಪ್ಪಿಗೆ ತಲೆಯನ್ನೇ ತೆತ್ತನು. ಶಾಸ್ತ್ರದಲ್ಲಿ ಆಧಾರವಿಲ್ಲವೆಂಬುದು ಎರಡನೆಯದು. ಮಣ್ಣೆತ್ತಿಗೆ ಯಾವ ಶಾಸ್ತ್ರದ ಆಧಾರವಿದೆ? ಚಂದ್ರಶೇಖರ ಕಂಬಾರರು 1972ರಲ್ಲಿ ಇವನನ್ನು ನಾಟಕದ ರಂಗಕ್ಕೆ ತಂದಾಗ ನಾಡಿನ ವಿದ್ಯಾವಂತರೆಲ್ಲ ಕುರ್ಚಿಯಲ್ಲಿ ಕುಳಿತು ಮೆಚ್ಚಿದರು. ಟಿಕೆಟು ಕೊಂಡು ನೋಡಬಹುದಾದವನು ಬಾಗಿಲಿಗೆ ಬಂದರೆ ಮೈಲಿಗೆಯಾಗುವುದು ನಮಗೆ ತಿಳಿಯದ ನ್ಯಾಯ. ಮೂರನೆಯದು, ಇದು ಭಿಕ್ಷೆಯಲ್ಲವೇ ಎಂಬುದು. ಪುರೋಹಿತನಿಗೆ ಕೊಡುವುದು ದಕ್ಷಿಣೆಯಾದರೆ, ಮಳೆಗಾಗಿ ಊರೂರು ತಿರುಗಿದವಳಿಗೆ ಕೊಡುವ ಮೊರದ ಜೋಳಕ್ಕೂ ಅದೇ ಹೆಸರು ಸಲ್ಲಬೇಕು.

ಆದರೂ ಒಂದು ಮಾತನ್ನು ಮುಚ್ಚಿಡುವಂತಿಲ್ಲ. ಬುಟ್ಟಿ ಹೊರುವ ಮನೆತನಗಳ ಹುಡುಗಿಯರು ಈಗ ಶಾಲೆ ಕಾಲೇಜುಗಳಿಗೆ ಹೋಗುವರು. ಬುಟ್ಟಿಯೊಡನೆ ತಮ್ಮ ಜಾತಿಯ ಗುರುತನ್ನೂ ತಲೆಯ ಮೇಲೆ ಹೊತ್ತು ಬೀದಿ ತಿರುಗಲು ಅವರು ಒಲ್ಲೆನೆಂದರೆ ಅದನ್ನು ಯಾರು ತಪ್ಪೆನ್ನಬೇಕು? ಹಳೆಯ ಪದ್ಧತಿಯ ಸೊಗಸಿಗಾಗಿ ಅವರ ಹೆಗಲ ಮೇಲೆ ಭಾರ ಹೊರಿಸಲು ನಮಗೆ ಅಧಿಕಾರವಿಲ್ಲ. ಅವರು ತಾವಾಗಿ ಇಳಿಸಿದರೆ ಇಳಿಸಲಿ. ನಾವು ಕದವಿಕ್ಕಿ ಇಳಿಸುವಂತೆ ಮಾಡುವುದು ಬೇರೆ ಮಾತು.

ಕಾಲುವೆಯ ನೀರಿರುವಾಗ ಜೋಕುಮಾರನ ಕೆಲಸವೇನೆಂದು ಸಿರುಗುಪ್ಪದ ಕಡೆಯ ಭತ್ತದ ಗದ್ದೆಯವರು ಕೇಳಬಹುದು. ಅಲ್ಲಿ ತುಂಗಭದ್ರೆಯ ನೀರಿನಿಂದ ಕೆಸರಿಗೆ ಬರವಿಲ್ಲ. ಆದರೆ 2024ರ ಆಗಸ್ಟ್ 10ರ ರಾತ್ರಿ ಸರಪಳಿ ತುಂಡಾಗಿ ಜಲಾಶಯದ 19ನೆಯ ಗೇಟು ಕೊಚ್ಚಿಹೋಯಿತು. ತುಂಬಿದ ಕಟ್ಟೆಯ ನೀರು ಹಗಲಿರುಳು ಹೊಳೆಗೆ ಹರಿಯುತ್ತಿರಲು, ಒಂದು ವಾರದ ಮೇಲೆ ಹಲಗೆಗಳನ್ನು ಇಳಿಸಿ ತಡೆಯುವ ವರೆಗೆ ಗದ್ದೆಯವರೂ ಎರೆಯವರಂತೆಯೇ ಆಕಾಶವನ್ನು ನೋಡಿದರು.

ಇನ್ನು ಅವನ ಮರಣದ ಮಾತು. ಗೋಲೆಮನನ್ನು ಮಾಡಿದವನಿಗೆ ಬಂದ ಕಷ್ಟವು ಇಲ್ಲಿ ಯಾರಿಗೂ ಬಾರದು; ಏಳು ದಿನಕ್ಕಿಂತ ಹೆಚ್ಚು ಬೆಳೆಯಲು ಜೋಕುಮಾರನಿಗೆ ಅವಕಾಶವೇ ಇಲ್ಲ. ಪ್ಲಾಸ್ಟರಿನಿಂದ ಎರಕ ಹೊಯ್ದ ಗಣಪಗಳು ಕೆರೆಯಲ್ಲಿ ಕರಗದೆ, ಕೈ ಮುರಿದು ಸೊಂಡಿಲು ಮುರಿದು ದಡದಲ್ಲಿ ಬಿದ್ದಿರುವುದನ್ನು ಕಂಡವರಿಗೆ ಈ ಕರಗುವ ಗುಣದ ಬೆಲೆ ತಿಳಿದೀತು. ಕೇಂದ್ರದ ಮಾಲಿನ್ಯ ನಿಯಂತ್ರಣ ಮಂಡಳಿಯು 2020ರ ನಿಯಮಗಳಲ್ಲಿ ಪ್ಲಾಸ್ಟರಿನ ಮೂರ್ತಿಗಳು ಕೂಡದೆಂದಿತು. ಜೋಕುಮಾರನನ್ನು ಪ್ಲಾಸ್ಟರಿನಲ್ಲಿ ಮಾಡಲು ಇದುವರೆಗೆ ಯಾರೂ ಮನಸ್ಸು ಮಾಡಿಲ್ಲ. ಹುಣ್ಣಿಮೆಯ ರಾತ್ರಿ ಹಾಡು ನಿಲ್ಲುವುದು. ಅವನನ್ನು ಒನಕೆಯಿಂದ ಕುಟ್ಟಿ ಒಡೆದು, ಹಳ್ಳದ ದಂಡೆಯಲ್ಲಿ ಅಗಸರ ಬಂಡೆಯ ಕೆಳಗೆ ಹಾಕಿ, ಹಾಕಿದವರು ಹಿಂದಿರುಗಿ ನೋಡದೆ ಮನೆಗೆ ಬರುವರು. ಬಂಡೆಯ ಬಳಿ ರಾತ್ರಿ ಅವನು ನರಳುವನೆಂದು ಹೇಳುವುದುಂಟು. ಆದುದರಿಂದ ಕೆಲವು ಊರುಗಳಲ್ಲಿ ಮೂರು ದಿನ ಅಗಸರು ಹಳ್ಳಕ್ಕೆ ಹೋಗುವುದಿಲ್ಲ. ಊರಿನ ಮೈಲಿಗೆಯ ಬಟ್ಟೆಯೆಲ್ಲ ಗಂಟಿನಲ್ಲಿಯೇ ಇರುವುದು. ನಾಲ್ಕನೆಯ ದಿನ ಬೆಳಗ್ಗೆ ಬಂಡೆಯ ಮೇಲೆ ಮೊದಲ ಬಟ್ಟೆಯ ಸದ್ದು ಕೇಳುವ ಹೊತ್ತಿಗೆ ಕೆಳಗಿನ ಕೆಸರಿನಲ್ಲಿ ಯಾವುದು ಹಳ್ಳದ್ದು, ಯಾವುದು ಜೋಕುಮಾರನದೆಂದು ವಿಂಗಡಿಸಲು ಬಾರದು. ಮಳೆ ಬಂದಿದ್ದರೆ ಅದೂ ಎರೆಯೊಡನೆ ಹರಿದು ಹೋಗಿರುವುದು.